ಗಾರ್ಡ್ ಸಾಹೇಬರ ಹಂಸದ ಸೋಪು

"ನನ್ನ ಕೈಗೊಂದು ವಸ್ತು ಕೊಟ್ಟರೆ ಮುಗೀತು ಸಾರ್, ಖಜಾನೆಗೆ ಹಾಕಿದ ಹಾಗೆ!"

ಹೀಗೆ ಎದೆ ತಟ್ಟಿಕೊಂಡು ಹೇಳಿದ ಮಹಾಶಯ ನಾನೇ. ಕೇಳಿಸಿಕೊಂಡವರು ಮಹಡಿ ಮೇಲಿನ ಗಾರ್ಡ್ ಸಾಹೇಬರು. ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಹೆಂಡತಿ ಆಗಲೇ ಒಮ್ಮೆ ಕೆಮ್ಮಿದಳು. ನಾನು ಗಮನಿಸಲಿಲ್ಲ.

ಸಾಹೇಬರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ರೈಲು ನಿಂತ ಊರಿಗೊಂದರಂತೆ ಸೋಪು ಕೊಂಡು, ಜೀವಮಾನವಿಡೀ ಕೂಡಿಟ್ಟವರು. ಮನೆಯಲ್ಲಿ ಗಾಜಿನ ಬೀರುಗಳ ತುಂಬ ಸೋಪೇ ಸೋಪು! ನಮ್ಮ ಸ್ನೇಹ ಹುಟ್ಟಿದ್ದು ಕಸದ ಬುಟ್ಟಿಯಲ್ಲಿ. ಒಂದು ಬೆಳಿಗ್ಗೆ ನಮ್ಮ ಬುಟ್ಟಿಯಿಂದ ಸೋಪಿನ ಹೊದಿಕೆ ಹೆಕ್ಕಿಕೊಂಡು ಬಂದು, "ಇದನ್ನ ಬಿಚ್ಚಿದ್ದು ಯಾರು ಸಾರ್? ಒಂದು ಚೂರೂ ಹರಿದಿಲ್ಲ! ಎಂಥಾ ಕೈ ನಿಮ್ಮದು!" ಎಂದರು. ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ನನ್ನ ಕೈಯನ್ನು ಹೊಗಳಿದವರೇ ಇರಲಿಲ್ಲ. ಅಂದಿನಿಂದ ಸಂಜೆಯಾದರೆ ನಾನು ಆ ಬೀರುಗಳ ಮುಂದೆ ಹಾಜರು.

ಈಗ ಅವರ ಮನೆಗೆ ಬಣ್ಣ ಹೊಡೆಯುವ ಕೆಲಸ.

"ಪೇಂಟ್ ವಾಸನೆ ಹೀರಿದ್ರೆ ಸೋಪು ಸತ್ತ ಹಾಗೇ ಸಾರ್. ಉಳಿದದ್ದೆಲ್ಲ ತಂಗಿ ಮನೆಗೆ ಕಳಿಸಿದೆ. ಇದನ್ನ ಮಾತ್ರ ನಿಮಗೇ ಕೊಡ್ತೀನಿ."

ಹಸಿರು ಸೋಪು, ಮೇಲೆ ಅಚ್ಚೊತ್ತಿದ ಒಂದು ಹಂಸ, ಸುತ್ತ ಹಳೇ ಕಾಗದದ ಹೊದಿಕೆ. ಮೊದಲ ಸಂಬಳದಲ್ಲಿ ಕೊಂಡದ್ದಂತೆ. ಅದರ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ.

"ಬೀರೂಲಿ ಇಡಬೇಡಿ, ಬಟ್ಟೆಯೆಲ್ಲ ಘಮಘಮ ಅನ್ನುತ್ತೆ. ಅಡುಗೆಮನೇಲೂ ಬೇಡ," ಎಂದಳು ಹೆಂಡತಿ.

"ಮತ್ತೆಲ್ಲಿಡಲಿ?"

"ಸೋಪು ಎಲ್ಲಿಡೋದು ಅಂತ ಇಷ್ಟು ವಯಸ್ಸಾದ ಮೇಲೆ ನಾನು ಹೇಳ್ಬೇಕಾ?"

ಸರಿ, ಬಚ್ಚಲುಮನೆಯ ಮೇಲಿನ ಗೂಡಿನಲ್ಲಿಟ್ಟೆ. ಅದೇ ವಾರ ಅತ್ತೆ ಬಂದರು!

ಅವರು ಸ್ನಾನ ಮುಗಿಸಿ ಬಂದಾಗ ಮನೆಯೆಲ್ಲ ಹೂದೋಟ. "ಅಳಿಯಂದ್ರೇ, ಸೋಪು ಬಹಳ ಚೆನ್ನಾಗಿದೆ. ಅಂತೂ ನೀವೂ ಒಳ್ಳೆ ಸಾಮಾನು ತರೋದು ಕಲಿತ್ರಿ!"

ಮದುವೆಯಾದಂದಿನಿಂದ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಆನಂದದಲ್ಲಿ ತೇಲುತ್ತ ಬಚ್ಚಲುಮನೆಗೆ ಹೋದೆ. ನೋಡಿದರೆ, ಹಂಸ ಹಾರಿಹೋಗಿತ್ತು. ಮೈಯುಜ್ಜಿ, ತಲೆಯುಜ್ಜಿ, ತಮ್ಮೆರಡು ಬಟ್ಟೆಯನ್ನೂ ಅದರಲ್ಲೇ ಒಗೆದಿದ್ದರು ಅತ್ತೆ. ಉಳಿದದ್ದು ಒಂದು ತೆಳ್ಳನೆ ಚೂರು.

ಇದ್ದೊಬ್ಬ ಗೆಳೆಯನನ್ನೂ ಕಳೆದುಕೊಳ್ಳುವುದೇ? ಸಾಧ್ಯವಿಲ್ಲ! ಮನೆಯಲ್ಲಿ ಹಸಿರಾಗಿದ್ದದ್ದು ಬಟ್ಟೆ ಸೋಪೊಂದೇ. ಅದನ್ನು ಕತ್ತರಿಸಿ, ಹೆಂಡತಿಯ ಹೇರ್‌ಪಿನ್ನು ಹಿಡಿದು ಶಿಲ್ಪಿಯಾಗಿ ಕೂತೆ.

"ರೀ, ಇದು ಹಂಸಾನಾ?"

"ಮತ್ತೇನು?"

"ನನಗೇನೋ ಕೂಜಾ ಥರ ಕಾಣ್ತಿದೆ."

ಅತ್ತೆ ಬಿಚ್ಚಿ ಎಸೆದಿದ್ದ ಹಳೇ ಹೊದಿಕೆಯಲ್ಲಿ ಸುತ್ತಿಟ್ಟೆ. ಬಣ್ಣದ ಕೆಲಸ ಮುಗಿದೊಡನೆ ಸಾಹೇಬರು ಓಡಿ ಬಂದರು. ಹೊದಿಕೆ ಬಿಚ್ಚಿದರು. ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು. ನನ್ನಿಂದ ತಡೆಯಲಾಗಲಿಲ್ಲ.

"ಸಾರ್, ತಪ್ಪಾಯ್ತು! ನಮ್ಮತ್ತೆ ಅದರಲ್ಲಿ ಸ್ನಾನ ಮಾಡಿಬಿಟ್ರು!"

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಇನ್ನು ಇವರು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಅವರು ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು: "ನೊರೆ... ಬಂತಾ?"

"ಅಂದ್ರೆ?"

"ಕೊಂಡ ದಿನದಿಂದ ಒಂದೇ ಆಸೆ ಸಾರ್, ಒಂದು ಸಲ ಅದರಲ್ಲಿ ಸ್ನಾನ ಮಾಡ್ಬೇಕು ಅಂತ. ಮನಸ್ಸೇ ಬರಲಿಲ್ಲ."

ಒಳಗಿಂದ ಅತ್ತೆ ಬಂದರು. "ನೊರೆನಾ? ಬೆಣ್ಣೆ ಬೆಣ್ಣೆ ಹಾಗೆ! ಇನ್ನೂ ಚೂರು ಉಳಿದಿದೆ, ನೋಡ್ತೀರಾ?"

ಸಾಹೇಬರು ನಮ್ಮ ಟವೆಲ್ಲನ್ನೇ ಹೆಗಲಿಗೆ ಹಾಕಿಕೊಂಡು ನಮ್ಮ ಬಚ್ಚಲುಮನೆ ಹೊಕ್ಕರು. ಒಳಗಿಂದ ಹಾಡು! ಹೊರಬಂದಾಗ ಮುಖ ಮಗುವಿನ ಮುಖದಂತೆ ಹೊಳೆಯುತ್ತಿತ್ತು. ನನ್ನ ಕೈ ಹಿಡಿದು, "ನಾಳೆ ಸಂಜೆ ಬನ್ನಿ ಸಾರ್, ಬೀರು ಜೋಡಿಸೋಣ. ಅತ್ತೆಯವರನ್ನೂ ಕರ್ಕೊಂಡ್ ಬನ್ನಿ," ಎಂದರು. ನನಗೆ ಹೋದ ಜೀವ ಬಂತು.

ಹೊರಡುವಾಗ ನಾನು ಕೆತ್ತಿದ ಸೋಪನ್ನು ಜೋಪಾನವಾಗಿ ಎತ್ತಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಆಹಾ, ಕಲೆಗೆ ಬೆಲೆ ಕೊಡುವ ಮನುಷ್ಯ!

"ಬೀರೂಲಿ ಇಡೋಕಾ ಸಾರ್?" ನಾಚುತ್ತ ಕೇಳಿದೆ.

"ಅಯ್ಯೋ, ಇಲ್ಲ ಸಾರ್! ನೆಲದ ತುಂಬ ಪೇಂಟ್ ಚೆಲ್ಲಿದೆ. ಉಜ್ಜೋಕೆ ಬೇಕಿತ್ತು."