ಭಾವನ ಅರ್ಧ ಮೀಸೆಯ ವಿಷಯವಾಗಿ ಭೂಫಲಕದವರಿಗೆ

ಸಮುದ್ರದಡಿಯಲ್ಲಿ ಖಾಯಂ ವಾಸವಿದ್ದು, ನಮ್ಮ ಊರಿನ ಕೆಳಗೆ ನಿತ್ಯ ಸಂಚಾರದಲ್ಲಿರುವ ಮಹಾರಾಜಶ್ರೀ ಭೂಫಲಕದವರ ಸನ್ನಿಧಿಗೆ,

ಮಾನ್ಯರೇ,

ಬಂದರು ರಸ್ತೆಯ ತಿರುವಿನಲ್ಲಿ, ಎರಡು ಕುರ್ಚಿ, ಮೂರು ಕನ್ನಡಿ ಮತ್ತು ಒಂದು ಗೊರಗೊರ ರೇಡಿಯೊ ಇರುವ ಕ್ಷೌರದಂಗಡಿಯನ್ನು ಮೂವತ್ತೆಂಟು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನಾನು ತಮಗೆ ನಡು ಬಗ್ಗಿಸಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಾವು ಕದಲದೆ ಇರುವಷ್ಟು ಹೊತ್ತೂ ಕ್ಷೇಮವಾಗಿಯೇ ಇರುತ್ತೇವೆ. ತಮ್ಮ ಕ್ಷೇಮ ಸಮಾಚಾರವನ್ನು ಪ್ರತ್ಯೇಕವಾಗಿ ಕೇಳುವ ಅಗತ್ಯವಿಲ್ಲ, ಏಕೆಂದರೆ ತಮಗೊಂದು ಸಣ್ಣ ಆಕಳಿಕೆ ಬಂದರೂ ನಮ್ಮ ಶೆಲ್ಫಿನ ಮೇಲಿನ ಬಾಟಲಿಗಳು ಟಿಣಿಟಿಣಿ ಎಂದು ಸುದ್ದಿ ಮುಟ್ಟಿಸುತ್ತವೆ.

ಇಷ್ಟು ವರ್ಷ ತಮ್ಮ ನೆತ್ತಿಯ ಮೇಲೆಯೇ ಬಾಳ್ವೆ ಮಾಡಿಯೂ ತಮ್ಮ ಪರಿಚಯ ಮಾಡಿಕೊಳ್ಳದೆ ಇದ್ದದ್ದು ನನ್ನದೇ ತಪ್ಪು. ನೆಲ ನಡುಗಿದರೆ ನೆಲವನ್ನು ಬೈಯುತ್ತಿದ್ದೆ. ಊರ ಹಿಂದಿನ ಜ್ವಾಲಾಮುಖಿ ಬೂದಿ ಕೆಮ್ಮಿ, ಒಣಹಾಕಿದ ಟವೆಲುಗಳೆಲ್ಲ ಮಾಸಿದರೆ ಜ್ವಾಲಾಮುಖಿಯನ್ನು ಬೈಯುತ್ತಿದ್ದೆ. ಮಗಳ ಊರಿಗೆ ಹೋಗುವ ಬಸ್ಸು ಪರ್ವತದ ಸಾಲು ಹತ್ತಲಾರದೆ ಏದುಸಿರು ಬಿಟ್ಟು ನಿಂತರೆ ಪರ್ವತಗಳನ್ನು ಬೈಯುತ್ತಿದ್ದೆ. ಮೂರೂ ಖಾತೆಗಳು ಒಬ್ಬರ ಕೈಯಲ್ಲೇ ಇವೆಯೆಂದು ಮೊದಲೇ ಗೊತ್ತಿದ್ದರೆ, ಬೈಗುಳವನ್ನು ಹೀಗೆ ಮೂರು ವಿಳಾಸಗಳಿಗೆ ಹಂಚುವ ಪ್ರಮೇಯವೇ ಬರುತ್ತಿರಲಿಲ್ಲ.

ಈ ಜ್ಞಾನೋದಯ ಮಾಡಿಸಿದವರು ಗುಡ್ಡದ ಮೇಲಿನ ಭೂಕಂಪ ಮಾಪನ ಕಚೇರಿಯ ಮೇಡಂ. ಅವರು ತಿಂಗಳಿಗೊಮ್ಮೆ ಕೂದಲು ಗಿಡ್ಡ ಮಾಡಿಸಿಕೊಳ್ಳಲು ನಮ್ಮಲ್ಲಿಗೆ ಬರುತ್ತಾರೆ. ಒಂದು ಸಲ ನಾನು, “ಈ ಊರಿಗೆ ಯಾವ ಶನಿ ಹಿಡಿದಿದೆ ಮೇಡಂ, ನಡುಕವೂ ನಮಗೇ, ಬೆಂಕಿಯೂ ನಮಗೇ?” ಎಂದು ಕೇಳಿದ್ದಕ್ಕೆ, ಅವರು ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು, ನನ್ನ ಎರಡು ಟವೆಲುಗಳನ್ನು ಮೇಜಿನ ಮೇಲೆ ಎದುರುಬದುರಾಗಿ ಹಾಸಿದರು.

“ಈ ಒದ್ದೆ ಟವೆಲ್ಲು ಸಮುದ್ರದ ತಳದ ಭೂಫಲಕ, ಅಣ್ಣ. ಭಾರ ಜಾಸ್ತಿ. ಒಣಗಿರೋದು ನಾವು ನಿಂತಿರೋ ನೆಲ. ಈಗ ಎರಡನ್ನೂ ತಳ್ತೀನಿ, ನೋಡಿ.”

ಒದ್ದೆಯದು ಒಣಗಿದ್ದರ ಅಡಿಗೆ ನುಸುಳಿತು. ಒಣಗಿದ್ದು ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಆ ಮಡಿಕೆಗಳೇ ಪರ್ವತಗಳಂತೆ.

“ಅಡಿಗೆ ಹೋದದ್ದರಲ್ಲಿ ನೀರಿರುತ್ತಲ್ಲ, ಆಳದ ಬಿಸಿಗೆ, ಒತ್ತಡಕ್ಕೆ ಅದು ಹೊರಗೆ ಬರುತ್ತೆ. ನೀರು ಸೇರಿದರೆ ಅಲ್ಲಿರೋ ಬಿಸಿ ಬಂಡೆ ಬೇಗ ಕರಗುತ್ತೆ. ಕರಗಿದ್ದು ಹಗುರ, ದಾರಿ ಹುಡುಕ್ಕೊಂಡು ಮೇಲಕ್ಕೆ ಬರುತ್ತೆ. ನಮ್ಮ ಜ್ವಾಲಾಮುಖಿ ಅದೇ.”

“ಮತ್ತೆ ನಡುಕ?”

“ಎರಡೂ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡ್ತವೆ. ತಳ್ಳೋದು ಮಾತ್ರ ನಿಲ್ಲಲ್ಲ. ತಡೆಯೋಷ್ಟು ದಿನ ತಡೆದು, ಒಂದಿನ ಸರ್ರಂತ ಜಾರಿದರೆ...” ಎಂದು ಅವರು ಟವೆಲನ್ನು ಜಗ್ಗಿದ ರಭಸಕ್ಕೆ ನನ್ನ ಸೋಪಿನ ಬಟ್ಟಲು ನೆಲಕ್ಕುರುಳಿತು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಓರಗಿತ್ತಿಯರು ಬಾಯಿಬಿಡದೆ ಕೆಲಸ ಮಾಡುವ ಮನೆಯಲ್ಲಿ ಬೆಳೆದ ನನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ತಾವು ಸಾಗುವುದು ವರ್ಷಕ್ಕೆ ಮೂರು ಬೆರಳಗಲ ಮಾತ್ರ ಎಂದು ಕೇಳಿ ನನ್ನ ಗೌರವ ಇಮ್ಮಡಿಯಾಯಿತು. ಇಷ್ಟು ಸಾವಧಾನವಾಗಿ ಹೊರಟು ಇಷ್ಟು ಅವಸರದಲ್ಲಿ ತಲುಪುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂದಿನಿಂದ ಗಿರಾಕಿಗಳ ಗಲ್ಲದ ಮೇಲೆ ಒಂದು ಗೀರು ಬಿದ್ದರೂ ನಾನು “ನೆಲ ಅಲುಗಿತು ನೋಡಿ, ಕೆಳಗಿನವರು ಜಾರಿದರು” ಎನ್ನುತ್ತಿದ್ದೆ. ಗಿರಾಕಿಗಳೂ “ಹೌದೌದು, ನಮಗೂ ಗೊತ್ತಾಯಿತು” ಎಂದು ರಕ್ತ ನಿಲ್ಲಿಸುವ ಪಟಿಕದ ಕಲ್ಲಿಗಾಗಿ ಕೈಚಾಚುತ್ತಿದ್ದರು. ಆ ವರ್ಷ ತಾವು ಬಹಳ ಸಲ ಜಾರಿದಿರಿ.

ಇನ್ನು ದೂರಿಗೆ ಬರುತ್ತೇನೆ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಇಲ್ಲಿನ ಶಾಲೆಯ ನಿವೃತ್ತ ಡ್ರಿಲ್ ಮೇಷ್ಟ್ರು. ಊರಿಗೆಲ್ಲ ಮೀಸೆ ಮೇಷ್ಟ್ರು. ಎರಡೂ ತುದಿ ಮೇಲಕ್ಕೆ ತಿರುಗಿದ ಆ ಮೀಸೆಯನ್ನು ನೋಡಿಯೇ ಮೂರು ತಲೆಮಾರಿನ ಮಕ್ಕಳು ಸಾಲಾಗಿ ನಿಲ್ಲುವುದನ್ನು ಕಲಿತರು. ಭಾನುವಾರ ಹಳೆಯ ವಿದ್ಯಾರ್ಥಿಗಳ ಕೂಟವಿತ್ತು, ನಡುವಿನ ಕುರ್ಚಿಯಲ್ಲಿ ಮೇಷ್ಟ್ರನ್ನು ಕೂರಿಸಿ ಫೋಟೊ ತೆಗೆಯುವುದಿತ್ತು. ಅದಕ್ಕೆಂದು ಅವರು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಕುರ್ಚಿಗೆ ದಯಮಾಡಿಸಿ, ಕಣ್ಣು ಮುಚ್ಚಿ ಮುಖ ಮೇಲೆತ್ತಿದರು. ಮೀಸೆಯ ಕೆಳ ಅಂಚನ್ನು ಕತ್ತಿಯಿಂದ ನೇರ ಮಾಡುತ್ತಿದ್ದಾಗ ತಾವು ಅಲುಗಿದಿರಿ. ಬಲಗಡೆಯ ಅರ್ಧ ಹೋಯಿತು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಜಟ್ಟಿ ಕುರ್ಚಿಯಲ್ಲಿ ಬಂಡೆಯಂತೆ ಕೂತೇ ಇದ್ದರು, ಮೀಸೆ ಮಾತ್ರ ನೆಲ ಸೇರಿತ್ತು.

“ಭೂಕಂಪ, ಭಾವ!” ಎಂದೆ.

ಭಾವ ಕನ್ನಡಿ ನೋಡಿದರು. ಆಮೇಲೆ ಶೆಲ್ಫು ನೋಡಿದರು. “ಯಾವ ಭೂಕಂಪ? ಒಂದು ಬಾಟಲಿಯಾದರೂ ಸದ್ದು ಮಾಡಿತಾ?”

“ಸಣ್ಣದು. ಬಾಟಲಿಗೆ ಕೇಳಿಸದಷ್ಟು ಸಣ್ಣದು.”

ಇಲ್ಲಿ ತಮಗೊಂದು ಹಿನ್ನೆಲೆ ತಿಳಿಸಬೇಕು. ಹಿಂದಿನ ವಾರ ನಾಲ್ಕು ಜನ ಗಿರಾಕಿಗಳ ಎದುರಿಗೆ ಭಾವ, “ನಿನ್ನ ಕೈ ಮೊದಲಿನ ಹಾಗಿಲ್ಲ ಕಣಯ್ಯಾ” ಎಂದಿದ್ದರು. ನಾನು, “ಡ್ರಿಲ್ ಮಾಡಿಸಿದವರಿಗೆ ಕೈಕೆಲಸ ಏನು ಗೊತ್ತು” ಎಂದು ತಿರುಗಿಸಿ ಕೊಟ್ಟಿದ್ದೆ. ಈಗ ಅವರು ಎದ್ದು ನಿಂತು, “ಆ ಮಾತಿಗೆ ನನ್ನ ಮೀಸೆ ಮೇಲೆ ಸೇಡು ತೀರಿಸಿಕೊಂಡೆಯಾ? ಇನ್ನು ನಿನ್ನ ಹೊಸ್ತಿಲು ತುಳಿದರೆ ಕೇಳು” ಎಂದು, ಮುಖದ ಮೇಲೆ ನೊರೆ, ಕೊರಳಲ್ಲಿ ನನ್ನ ಬಿಳಿ ಬಟ್ಟೆ, ಹಾಗೆಯೇ ಬಂದರು ರಸ್ತೆಯಲ್ಲಿ ಎಡ-ಬಲ ಎಡ-ಬಲ ಎಂದು ನಡೆದುಬಿಟ್ಟರು. ನಲವತ್ತು ವರ್ಷದ ನೆಂಟಸ್ತನ ಆ ನಡಿಗೆಯ ಹಿಂದೆಯೇ ಹೊರಟುಹೋಯಿತು. ನನ್ನ ಹೆಂಡತಿ ಬಂದು ನೆಲದ ಮೇಲಿನ ಅರ್ಧ ಮೀಸೆಯನ್ನು ಗುಡಿಸಿ ತೆಗೆದಳು, ಅವಳು ಯಾರ ಪರವೆಂದು ಮಾತ್ರ ನನಗೆ ತಿಳಿಯಲಿಲ್ಲ.

ನನಗೆ ಬೇಕಾಗಿದ್ದದ್ದು ಒಬ್ಬ ಸಾಕ್ಷಿ. ಆದ್ದರಿಂದ ಶುಕ್ರವಾರ ಅಂಗಡಿ ಮುಚ್ಚಿ, ಗುಡ್ಡ ಹತ್ತಿ, ತಾವು ಅಲುಗಿದ್ದಕ್ಕೆ ಒಂದು ದೃಢೀಕರಣ ಪತ್ರ ಪಡೆಯಲು ಮಾಪನ ಕಚೇರಿಗೆ ಹೋದೆ. ದಪ್ಪ ಗೋಡೆಯ ಚಿಕ್ಕ ಕೋಣೆ. ಗೋಡೆಯಲ್ಲಿ ಪರದೆ, ಪರದೆಯಲ್ಲಿ ತಮ್ಮ ದಿನಚರಿ. ಮೇಡಂ ಪ್ರೀತಿಯಿಂದ ತೋರಿಸಿದರು: ಇದು ಸೋಮವಾರ ಸಂಜೆಯದು, ಇದು ಬುಧವಾರ ಬೆಳಗಿನದು, ಈ ಸಣ್ಣ ಗೀಚು ಹಿಂದಿನ ರಸ್ತೆಯಲ್ಲಿ ಹೋದ ಲಾರಿ. ಲಾರಿಯನ್ನೂ ಬಿಡದ ಯಂತ್ರ!

“ಮಂಗಳವಾರ, ಹತ್ತೂವರೆ,” ಎಂದೆ.

ಅವರು ಹುಡುಕಿದರು. ಕಾಲು ಗಂಟೆ ಹಿಂದೆ ನೋಡಿದರು, ಕಾಲು ಗಂಟೆ ಮುಂದೆ ನೋಡಿದರು. ಗೆರೆ ನಾನು ಹರೆಯದಲ್ಲಿ ತೆಗೆಯುತ್ತಿದ್ದ ಕಿವಿಯಂಚಿನ ಗೆರೆಯ ಹಾಗೆ ನೇರವಾಗಿತ್ತು.

“ಏನೂ ಇಲ್ಲವಲ್ಲ, ಅಣ್ಣ.”

“ಯಂತ್ರ ಕೆಟ್ಟಿರಬಹುದು.”

“ಇರಬಹುದು,” ಎಂದು ಅವರು ಮರ್ಯಾದೆಗೆ ಹೇಳಿ, ಚಹಾ ತಂದುಕೊಟ್ಟರು. ಕಪ್ಪನ್ನು ಹಿಡಿದ ಕೂಡಲೇ ಅದು ಬಸಿಯ ಮೇಲೆ ಕಟಕಟ ಎಂದಿತು. ಅಭ್ಯಾಸಬಲದಿಂದ ನಾನು, “ಇಗೋ, ಈಗ ಅಲುಗಿತು ನೋಡಿ!” ಎಂದು ಪರದೆಯ ಕಡೆ ತಿರುಗಿದೆ.

ಪರದೆಯ ಮೇಲಿನ ಗೆರೆ ನೇರವಾಗಿಯೇ ಹೋಗುತ್ತಿತ್ತು. ಕಪ್ಪು ಇನ್ನೂ ಕಟಕಟ ಎನ್ನುತ್ತಲೇ ಇತ್ತು. ಮೇಡಂ ಕಿಟಕಿಯಾಚೆ ಜ್ವಾಲಾಮುಖಿಯ ಹೊಗೆಯನ್ನು, ಅದನ್ನು ಮೊದಲ ಸಲ ಕಾಣುವವರಂತೆ, ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಾನ್ಯರೇ, ಆ ಗುಡ್ಡ ಇಳಿಯುವಾಗ ನಾನು ತಮ್ಮಲ್ಲಿ ಮನಸಾರೆ ಬೇಡಿಕೊಂಡದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹಿಂದಿನ ಮಂಗಳವಾರದ ದಿನಾಂಕ ಹಾಕಿ, ದಯವಿಟ್ಟು ಒಂದೇ ಒಂದು ಸಲ ನಡುಗಿ ಎಂದು ಬೇಡಿಕೊಂಡೆ. ಕೋಟ್ಯಂತರ ವರ್ಷಗಳ ಲೆಕ್ಕ ಇಟ್ಟುಕೊಂಡವರಿಗೆ ಮೂರು ದಿನ ಹಿಂದೆಮುಂದೆ ಮಾಡುವುದು ಯಾವ ದೊಡ್ಡ ಮಾತು! ತಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದು ಹೆಂಡತಿಯ ಎದುರು ಕೂತು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟೆ. “ನೆಲ ಅಲ್ಲ ಕಣೇ. ಇದು,” ಎಂದೆ.

“ಗೊತ್ತು ರೀ,” ಎಂದಳು. “ಒಂದು ವರ್ಷದಿಂದ ನಿಮ್ಮ ಲೋಟಕ್ಕೆ ಮುಕ್ಕಾಲೇ ಹಾಕ್ತಿದೀನಿ. ನೀವೇ ಕೇಳ್ತೀರ ಅಂತ ಕಾಯ್ತಿದ್ದೆ.”

ನಾನು ಅದನ್ನು ಅವಳ ಜಿಪುಣತನವೆಂದುಕೊಂಡಿದ್ದೆ. ಅವಳು ನನ್ನ ಕೈ ಮೇಲೆ ತನ್ನ ಕೈ ಇಟ್ಟಳು, ಎರಡೂ ಸೇರಿ ಸ್ವಲ್ಪ ಸ್ವಲ್ಪ ನಡುಗುತ್ತಿದ್ದವು. ಮಧ್ಯಾಹ್ನ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು, “ವಯಸ್ಸಿನ ನಡುಕ, ಜೀವಕ್ಕೇನೂ ಅಪಾಯವಿಲ್ಲ” ಎಂದರು. “ಯಾರ ಜೀವಕ್ಕೆ?” ಎಂದು ನನ್ನ ಹೆಂಡತಿ ಕೇಳಿದಳು.

ಸಂಜೆ ಅವಳು ಅಣ್ಣನ ಮನೆಗೆ ಹೋಗಿಬಂದಳು. ಏನು ಹೇಳಿದಳೋ, ನನಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಡಿ ತುಂಬಿತ್ತು. ಮೀನು ಹರಾಜು ಕೂಗುವವರು, ಅಂಚೆಯವರು ಬೆಂಚಿನ ಮೇಲಿದ್ದರು. ಎರಡನೆಯ ಕುರ್ಚಿಯಲ್ಲಿ ಮಾಪನ ಕಚೇರಿಯ ಮೇಡಂ ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ನನ್ನ ಹೆಂಡತಿ ಮೂಲೆಯಲ್ಲಿ ಕತ್ತಿ ಮಸೆಯುತ್ತಿದ್ದಳು. ನಾನು ಎಲ್ಲರೆದುರು ಒಪ್ಪಿಕೊಂಡು ಕತ್ತಿ ಕೆಳಗಿಡುವುದೆಂದು ನಿರ್ಧರಿಸಿ, ಬಾಯಿ ತೆರೆಯುವಷ್ಟರಲ್ಲಿ ಭಾವ ಒಳಗೆ ಬಂದರು. ಉಳಿದರ್ಧ ಮೀಸೆಯನ್ನೂ ತಾವೇ ತೆಗೆದಿದ್ದರು. ನಲವತ್ತು ವರ್ಷಗಳಲ್ಲಿ ಮೊದಲ ಸಲ ಕಂಡ ಅವರ ಮೇಲ್ದುಟಿ ಎಳೆಮಗುವಿನದರಂತೆ ತೆಳ್ಳಗಿತ್ತು. ನೇರವಾಗಿ ಖಾಲಿ ಕುರ್ಚಿಗೆ ಬಂದು ಕೂತು, ಕನ್ನಡಿಯೊಳಗಿಂದ ಇಡೀ ಅಂಗಡಿಯನ್ನು ನೋಡಿ, ಮೈದಾನದ ದನಿಯಲ್ಲಿ ಹೇಳಿದರು:

“ಆವತ್ತು ನೆಲ ಅಲುಗಿತ್ತು. ಕುರ್ಚಿಯಲ್ಲಿ ಕೂತಿದ್ದೋನು ನಾನು. ನನಗೆ ಗೊತ್ತಾಗಲ್ವಾ?”

ಎಲ್ಲರ ಕಣ್ಣೂ ಮೇಡಂ ಕಡೆ ಹೊರಳಿತು. ಲಾರಿಯನ್ನೂ ಬಿಡದ ಯಂತ್ರದ ಒಡತಿ. ಸುಳ್ಳು ಹೇಳುವ ಹಾಗಿಲ್ಲ. ಅವರು ಕೆನ್ನೆಯ ಮೇಲಿನ ಒಂದು ಕೂದಲನ್ನು ನಿಧಾನವಾಗಿ ತೆಗೆದು, “ಈ ಊರಲ್ಲಿ ನೆಲ ಅಲುಗದೇ ಇರೋ ದಿನಾನ ನಾನಂತೂ ನೋಡಿಲ್ಲ” ಎಂದರು.

“ಕೇಳಿದೆಯಾ?” ಎಂದರು ಭಾವ. ಆಮೇಲೆ, ನನಗೊಬ್ಬನಿಗೇ ಕೇಳುವಂತೆ, “ಕತ್ತಿ ತಂಗಿ ಕೈಗೆ ಕೊಡು. ನೀನು ಪಕ್ಕದಲ್ಲಿ ನಿಂತು ಹೇಳಿಕೊಡು.”

ಮೂವತ್ತು ವರ್ಷಗಳಿಂದ ನನ್ನ ಕತ್ತಿಗಳನ್ನು ಚರ್ಮದ ಪಟ್ಟಿಯ ಮೇಲೆ ಮಸೆದವಳಿಗೆ ಹೇಳಿಕೊಡುವುದೇನಿರಲಿಲ್ಲ. ಅವಳು ಅಣ್ಣನ ಗಲ್ಲ ಹಿಡಿದು, “ಅಲುಗಾಡಿದರೆ ಮೂಗೂ ಹೋಗುತ್ತೆ” ಎಂದಳು. ಜೀವಮಾನವಿಡೀ ಇತರರನ್ನು ನೆಟ್ಟಗೆ ನಿಲ್ಲಿಸಿದ ಮೇಷ್ಟ್ರು ಉಸಿರು ಬಿಗಿಹಿಡಿದು ಕೂತರು. ನನಗೀಗ ಕೂದಲು ಕತ್ತರಿಸುವ ಮಷಿನ್ನಿನ ಖಾತೆ. ಅದು ತಾನೇ ಗುಂಯ್ಯೆಂದು ನಡುಗುವುದರಿಂದ, ಎರಡು ನಡುಕಗಳಲ್ಲಿ ಯಾವುದು ಯಾರದೆಂದು ಯಾರೂ ವಿಚಾರಿಸುವುದಿಲ್ಲ.

ಆಮೇಲೆ ಒಂದೊಂದಾಗಿ ತಿಳಿಯಿತು, ಮಾನ್ಯರೇ. ಇಡೀ ಊರಿಗೆ ಗೊತ್ತಿತ್ತು. ಹರಾಜಿನವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದದ್ದು ಬೆನ್ನುನೋವಿಗಲ್ಲ. ಅಂಚೆಯವರು ಇದ್ದಕ್ಕಿದ್ದಂತೆ ಗಡ್ಡ ಬಿಟ್ಟಿದ್ದು ವೈರಾಗ್ಯಕ್ಕಲ್ಲ. ನನ್ನ ಮನಸ್ಸು ನೋಯಬಾರದೆಂದು ಅವರೆಲ್ಲ ಒಂದು ವರ್ಷವಿಡೀ ಗಲ್ಲ ಗೀರಿಸಿಕೊಂಡು, ತಪ್ಪನ್ನು ತಮ್ಮ ತಲೆಗೆ, ಅಂದರೆ ಕೆಳಗಿರುವ ತಮ್ಮಂಥ ಮಹನೀಯರ ತಲೆಗೆ, ಕಟ್ಟುತ್ತಿದ್ದರು.

ಆದ್ದರಿಂದ ಗಲ್ಲ, ಕಿವಿ, ಮತ್ತು ಸದರಿ ಮೀಸೆಗೆ ಸಂಬಂಧಪಟ್ಟ ಎಲ್ಲ ದೂರುಗಳನ್ನೂ ಈ ಮೂಲಕ ಹಿಂತೆಗೆದುಕೊಂಡು, ಬಹಿರಂಗವಾಗಿ ಕ್ಷಮೆ ಕೋರುತ್ತೇನೆ. ಬಿರುಕುಬಿಟ್ಟ ಮೂರನೆಯ ಕನ್ನಡಿ, ಕುಸಿದ ಬಂದರಿನ ಕಟ್ಟೆ ಮತ್ತು ಮಗಳ ಮದುವೆಯ ದಿನ ಊರಿಗೆಲ್ಲ ಬಿದ್ದ ಬೂದಿ ತಮ್ಮವೇ, ಅವುಗಳಿಗೆ ಕ್ಷಮೆಯಿಲ್ಲ. ಭಾನುವಾರದ ಫೋಟೊ ಚೆನ್ನಾಗಿ ಬಂದಿದೆ. ಮೀಸೆಯಿಲ್ಲದ ಮೇಷ್ಟ್ರ ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಗಳು ಮೊದಲ ಬಾರಿಗೆ ಸಾಲು ತಪ್ಪಿ, ಒಬ್ಬರ ಮೇಲೊಬ್ಬರು ಬಿದ್ದು, ನಗುತ್ತ ನಿಂತಿದ್ದಾರೆ, ಮೇಷ್ಟ್ರೂ ನಗುತ್ತಿದ್ದಾರೆ.

ತಾವು ಇನ್ನು ಮುಂದೆ ಜಾರಲೇಬೇಕೆಂದಿದ್ದರೆ ಜಾರಿ. ತಮ್ಮನ್ನು ತಡೆಯುವ ಶಕ್ತಿ ನಮಗಿಲ್ಲ. ನಮ್ಮ ಭಾವ ತಮ್ಮ ಮೇಲೆ ಹೇಳಿದ ಸಾಕ್ಷ್ಯವನ್ನು ಮಾತ್ರ ಎಲ್ಲಿಯೂ ಅಲ್ಲಗಳೆಯಬೇಡಿ. ಅವರು ಬದುಕಿನಲ್ಲಿ ಹೇಳಿದ ಸುಳ್ಳು ಅದೊಂದೇ.

ಇಂತು, ಸದಾ ತಮ್ಮ ಬೆನ್ನ ಮೇಲಿರುವ
ತಮ್ಮ ವಿಶ್ವಾಸಿ,
ಬಂದರು ರಸ್ತೆಯ ಕ್ಷೌರಿಕ

ಮರೆತ ಮಾತು: ತಮ್ಮ ಪರ್ವತಗಳು ಈಗಲೂ ವರ್ಷವರ್ಷಕ್ಕೆ ಒಂದಿಷ್ಟು ಬೆಳೆಯುತ್ತಲೇ ಇವೆ ಎಂದು ಮೇಡಂ ಹೇಳಿದರು. ಬೆಳೆದದ್ದನ್ನು ಕತ್ತರಿಸುವುದೇ ನಮ್ಮ ಕಸುಬು, ಯಾವತ್ತು ಬೇಕಾದರೂ ಬನ್ನಿ. ಆದರೆ ನನ್ನ ಹೆಂಡತಿಯ ಕುರ್ಚಿಯಲ್ಲಿ ಕೂತ ಮೇಲೆ ಕದಲುವ ಹಾಗಿಲ್ಲ. ಅವಳು ಗಿರಾಕಿ ಎಷ್ಟು ದೊಡ್ಡವರೆಂದು ನೋಡುವವಳಲ್ಲ.