ವಾರಂಟಿನಲ್ಲಿದ್ದ ಮೂವತ್ತೆರಡು

ಕೈಗೆ ಸಿಕ್ಕ ಕಾಗದವನ್ನೆಲ್ಲ ಕೊನೆಯ ಸಾಲಿನ ತನಕ ಓದುವ ಚಟ ನನಗಿದೆ. ಬೇಳೆ ಕಟ್ಟಿಕೊಟ್ಟ ಪೊಟ್ಟಣ, ಮದುವೆ ಪತ್ರಿಕೆಯ ಅಡಿಯಲ್ಲಿರುವ ಪ್ರೆಸ್ಸಿನ ಹೆಸರು, ಗ್ಯಾಸಿನವನ ರಸೀದಿಯ ಹಿಂಭಾಗ, ಯಾವುದನ್ನೂ ಬಿಟ್ಟವಳಲ್ಲ. "ಒಲಿ ಮ್ಯಾಲ ಹಾಲು ಉಕ್ಕಾಕತ್ತದ, ಇಕಿ ಪೊಟ್ಟಣ ಓದಾಕತ್ತಾಳ" ಎಂದು ನಮ್ಮವರು ರೇಗುತ್ತಾರೆ. ಹೋದ ತಿಂಗಳು ರಾಯಚೂರಿನ ನಮ್ಮ ಓಣಿಯಲ್ಲಿ ಕಾನೂನು ತಿಳಿವಳಿಕೆ ಸಭೆ ನಡೆದಾಗ ನಾನು ಹೋದದ್ದು, ನಿಜ ಹೇಳಬೇಕೆಂದರೆ, ಮಿರ್ಚಿ ಭಜಿಯ ಆಸೆಗೆ. ವಕೀಲಮ್ಮ ಹಂಚಿದ ಕರಪತ್ರದ ಮೇಲೇ ಭಜಿ ಇಟ್ಟುಕೊಂಡು ತಿಂದೆ. ಮನೆಗೆ ಬಂದು ಓದಲು ಕುಳಿತರೆ ನಾಗರಿಕರ ಹಕ್ಕುಗಳೆಲ್ಲ ಎಣ್ಣೆಯಲ್ಲಿ ಮುಳುಗಿದ್ದವು. ಉಳಿದದ್ದು ಒಂದೇ ಸಾಲು: ಬಂಧಿಸಲು ಬಂದ ಪೊಲೀಸರನ್ನು ವಾರಂಟ್ ತೋರಿಸಿ ಎಂದು ಕೇಳಬಹುದು.

ಆ ಒಂದು ಸಾಲಿಗೂ ಕೆಲಸ ಬಂತು. ಕಳೆದ ಭಾನುವಾರ ಬೆಳಿಗ್ಗೆ ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮವರು ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡು, ಹೆಗಲಿಗೆ ಹಳೆಯ ಟವೆಲ್ ಹಾಕಿಕೊಂಡು ಒಣಗಲು ಕುಳಿತಿದ್ದರು. ಬಾಗಿಲಲ್ಲಿ ಒಬ್ಬ ಜಮಾದಾರರು, ಅವರ ಹಿಂದೆ ಬೀದಿಯಲ್ಲಿ ಜೀಪು.

"ಅಮರೇಶ ತಂದೆ ಬಸಪ್ಪ, ಸಾಕೀನ ಕುರ್ಡಿ, ಅಂದ್ರ ನೀವೇ ಏನ್ರೀ?"

"ಹೌದ್ರೀ."

"ದೇವದುರ್ಗ ಕೋರ್ಟಿನ ವಾರಂಟ್ ಅದರೀ. ಜೀಪ್ ಹತ್ರಿ."

ನಮ್ಮವರು ಸರ್ಕಾರಿ ಶಾಲೆಯ ಹೆಡ್ ಮಾಸ್ತರು. ಮಕ್ಕಳನ್ನು ಗದರಿಸುವ ದನಿ ಆ ಕ್ಷಣ ಎಲ್ಲಿ ಹೋಯಿತೋ, "ಅಂಗಿ ಹಾಕ್ಕೊಂಡು ಬರ್ತೀನ್ರೀ" ಎಂದು ಎದ್ದೇಬಿಟ್ಟರು. ಅವರು ಜೀಪು ಹತ್ತಿದ್ದನ್ನು ಓಣಿ ಕಂಡರೆ ಸೋಮವಾರದ ಹೊತ್ತಿಗೆ ಶಾಲೆಗೆ ಸುದ್ದಿ, ಆಮೇಲೆ ನೌಕರಿಗೇ ಕುತ್ತು. ಒಗ್ಗರಣೆಯ ಸೌಟು ಹಿಡಿದುಕೊಂಡೇ ಅಡ್ಡ ನಿಂತೆ.

"ಮೊದ್ಲು ಕಾಗದ ತೋರಿಸ್ರಿ. ನೋಡೋ ಹಕ್ಕು ನಮಗದ."

"ನೋಡ್ರಿ ಯವ್ವಾ," ಎಂದು ಜಮಾದಾರರು ಸಮಾಧಾನದಿಂದಲೇ ಕೊಟ್ಟರು. "ವಾರಂಟ್ ಅಂದ್ರ ಭಾಳ ಮಂದಿ ಅತ್ತಾರ, ಓಡ್ಯಾರ. ಓದ್ತೀನಿ ಅಂದಾಕಿ ನೀವೇ ಮೊದಲು."

ಟ್ರ್ಯಾಕ್ಟರ್ ಓಡಿಸಿ ಯಾರದೋ ಕಾಂಪೌಂಡ್ ಗೋಡೆ ಕೆಡವಿದ ಪ್ರಕರಣ. ಆರೋಪಿ ತಾರೀಖಿಗೆ ಹಾಜರಾಗಿಲ್ಲ. ನಮ್ಮವರಿಗೆ ಸೈಕಲ್ಲೇ ನೆಟ್ಟಗೆ ಬರುವುದಿಲ್ಲ. ಅವರ ಹುಟ್ಟೂರು ಕುರ್ಡಿಯಲ್ಲಿ ಅಮರೇಶ ಎಂದು ಕೂಗಿದರೆ ಅರ್ಧ ಊರು "ಓ" ಎನ್ನುತ್ತದೆ. ಅದಕ್ಕೇ ಊರವರು ಇವರನ್ನು ಮಾಸ್ತರ ಅಮರೇಶ, ಇನ್ನೊಬ್ಬನನ್ನು ಟ್ರ್ಯಾಕ್ಟರ್ ಅಮರೇಶ ಎನ್ನುತ್ತಾರೆ. ಅವನಪ್ಪನೂ ಬಸಪ್ಪನೇ. ಅಡ್ಡಹೆಸರು ಕೋರ್ಟಿಗೆ ಹೇಗೆ ಗೊತ್ತಾಗಬೇಕು? ಚಟ ಬಿಡದೆ ಇನ್ನೂ ಓದಿದೆ. ವಯಸ್ಸು: ಮೂವತ್ತೆರಡು.

"ಇದರಾಗ ಮೂವತ್ತೆರಡು ಅದರೀ! ಇವರಿಗೆ ಐವತ್ನಾಲ್ಕು!"

ಜಮಾದಾರರು ಮಿರಿಮಿರಿ ಮಿಂಚುವ ತಲೆ ನೋಡಿದರು. "ನೋಡಿದ್ರ ಹಂಗ ಅನ್ಸಂಗಿಲ್ಲಲ್ರೀ."

ನಮ್ಮವರ ಮುಖ ಅರಳಿತು. "ಎಲ್ಲಾರೂ ಹಂಗ ಅಂತಾರ್ರೀ."

"ಸುಮ್ಕಿರ್ರಿ! ಜೇಲಿಗೆ ಹೋಗ್ಬೇಕಂತ ಮಾಡೀರೇನು?"

ಆಧಾರ್ ತಂದೆ, ಶಾಲೆಯ ಗುರುತಿನ ಚೀಟಿ ತಂದೆ. ಅಷ್ಟರಲ್ಲಿ ಕಪ್ಪು ಬಣ್ಣ ಕಿವಿಯ ಮೇಲಿಂದ ಇಳಿದು ತಾನೇ ಸಾಕ್ಷಿ ಹೇಳಿತು. ಜಮಾದಾರರು ಕುರ್ಡಿಗೆ ಫೋನು ಮಾಡಿ, ಟ್ರ್ಯಾಕ್ಟರ್ ಅಮರೇಶ ಮಾನ್ವಿಯಲ್ಲಿದ್ದಾನೆಂದು ತಿಳಿದುಕೊಂಡು, "ತಪ್ಪಾತ್ರಿ ಸರ್" ಎಂದರು. ಒಂದು ತಟ್ಟೆ ಮಂಡಕ್ಕಿಯನ್ನೂ ತಿಂದರು.

ಹೊರಡುವ ಮುಂಚೆ, ವಾರಂಟಿನ ವ್ಯಕ್ತಿ ಇವರಲ್ಲವೆಂದು ನನ್ನಿಂದ ಒಂದು ಹೇಳಿಕೆ ಬೇಕೆಂದು ಹಾಳೆ ತೆಗೆದರು. ಹೆಸರು ಬರೆದುಕೊಂಡು, "ನಿಮ್ಮ ವಯಸ್ಸು, ಯವ್ವಾ?" ಎಂದರು.

"ನಲವತ್ತೆರಡು," ಎಂದೆ.

ನಮ್ಮವರು ಟವೆಲಿನಿಂದ ತಲೆ ಎತ್ತಿದರು. "ಇಕಿದೂ ಆಧಾರ್ ತರ್ಲೇನ್ರೀ?"

"ಬ್ಯಾಡ್ರಿ ಸರ್," ಜಮಾದಾರರು ಬರೆಯುತ್ತಲೇ ಹೇಳಿದರು, "ಇವರ ಮ್ಯಾಲ ವಾರಂಟ್ ಇಲ್ಲ."

ಹಾಳೆ ನನ್ನ ಮುಂದೆ ಬಂತು. ಜೀವಮಾನದಲ್ಲಿ ಅದೊಂದು ಕಾಗದಕ್ಕೆ ಮಾತ್ರ ನಾನು ಓದದೆ ಸಹಿ ಹಾಕಿದೆ.