ಎಡಗೈಯ ಕ್ರಾಸ್ ಪ್ರಾಡಕ್ಟ್

ಹಾವಿಗೆ ಹೆದರುವವರಿದ್ದಾರೆ, ಪೊಲೀಸರಿಗೆ ಹೆದರುವವರಿದ್ದಾರೆ; ಹೆಂಡತಿಗೆ ಹೆದರುವವರು ಹೇಳಿಕೊಳ್ಳುವುದಿಲ್ಲ, ಅಷ್ಟೆ. ನಾನು ಹೆದರಿದ್ದು ಬೋರ್ಡಿನ ಮೇಲಿನ ಎರಡು ಬಾಣಗಳಿಗೆ. ಎಂಬತ್ತರ ದಶಕದ ಆರಂಭ; ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ಗಣಿತದ ಹಂಗಾಮಿ ಅಧ್ಯಾಪಕ. ನನ್ನನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸಲು ಪ್ರಿನ್ಸಿಪಾಲರು ಅಂದು ನನ್ನ ತರಗತಿಯಲ್ಲಿ ಕೂರುವವರಿದ್ದರು. ಅವರು ಇತಿಹಾಸದವರು. ಮತ್ತೆ ಭಯವೇಕೆ ಎನ್ನಬೇಡಿ. ಗಣಿತ ಬಲ್ಲವರು ಲೆಕ್ಕ ನೋಡುತ್ತಾರೆ. ಬಾರದವರು ನಮ್ಮ ಮುಖವನ್ನೇ ನೋಡುತ್ತಾರೆ. ಬೆಳಿಗ್ಗೆ ರೊಟ್ಟಿ ಬಡಿಸುತ್ತ, ‘ಕೂಡ್ಲಿಗಿಗೆ ಹೋಗಿ ನಮ್ಮಪ್ಪನ ಅಂಗಡ್ಯಾಗ ಕೂಡೋದು ಬ್ಯಾಡಂದ್ರ ಚಂದಂಗ ಪಾಠ ಮಾಡಿ ಬರ್ರಿ,’ ಎಂದಳು ಹೆಂಡತಿ. ಮಾವನವರ ಗೊಬ್ಬರದ ಅಂಗಡಿ ಕಣ್ಣ ಮುಂದೆ ಬಂತು.

ಅಂದಿನ ಪಾಠ, ಡಾಟ್ ಪ್ರಾಡಕ್ಟಿಗೂ ಕ್ರಾಸ್ ಪ್ರಾಡಕ್ಟಿಗೂ ಇರುವ ಸಂಬಂಧ. ಎರಡೂ ಸದಿಶಗಳನ್ನು, ಅಂದರೆ ಆ ಬಾಣಗಳನ್ನು, ಗುಣಿಸುವ ಬಗೆಗಳು. ಬಾಣಗಳ ನಡುವಿನ ಕೋನದ ಕೊಸೈನ್ ಒಂದರಲ್ಲಿ, ಸೈನ್ ಇನ್ನೊಂದರಲ್ಲಿ. ಎರಡರ ಅಳತೆಯನ್ನೂ ವರ್ಗ ಮಾಡಿ ಕೂಡಿಸಿದರೆ ಕೋನ ಮಾಯವಾಗಿ, ಆ ಸದಿಶಗಳ ಉದ್ದದ ವರ್ಗಗಳ ಗುಣಲಬ್ಧವಷ್ಟೇ ಉಳಿಯುತ್ತದೆ. ಅದಕ್ಕೆ ಮೊದಲು ಕ್ರಾಸ್ ಪ್ರಾಡಕ್ಟಿನ ದಿಕ್ಕನ್ನು ಬಲಗೈ ನಿಯಮದಿಂದ ತೋರಿಸಬೇಕು. ಬೆರಳುಗಳನ್ನು ಮೊದಲ ಬಾಣದಿಂದ ಎರಡನೆಯದರ ಕಡೆ ಮಡಚಿದರೆ ಹೆಬ್ಬೆರಳು ತೋರಿಸಿದ್ದೇ ದಿಕ್ಕು. ಆದರೆ ನನ್ನ ಬಲಗೈ ಸೀಮೆಸುಣ್ಣವನ್ನು ಬಿಡಲೊಲ್ಲದು. ಬಿಟ್ಟರೆ ನಡುಗುವುದು ಕಾಣುತ್ತದಲ್ಲ! ಗೊತ್ತಿಲ್ಲದೆ ಎಡಗೈ ಎತ್ತಿದೆ. ಹೆಬ್ಬೆರಳು ಬೋರ್ಡಿನ ಒಳಕ್ಕೆ ತೋರಿಸಿತು. ಪುಸ್ತಕದಲ್ಲಿ ಅದು ಹೊರಕ್ಕೆ. ಮುಂದಿನ ಬೆಂಚಿನವರು ಪುಸ್ತಕವನ್ನೊಮ್ಮೆ ನನ್ನನ್ನೊಮ್ಮೆ ನೋಡತೊಡಗಿದರು. ಎಲ್ಲಿ ತಪ್ಪಿದೆನೆಂದು ನನಗೇ ತಿಳಿಯಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಪ್ರಿನ್ಸಿಪಾಲರು ಗದರಿದರು: ‘ಏನ್ರೀ ಮೇಷ್ಟ್ರ, ಹುಡುಗ್ರಿಗೆ ಎಡಗೈ ತೋರಸ್ತೀರಲ್ರಿ! ಬಲಗೈ ಐತೋ ಇಲ್ಲೋ?’

ಅವರು ಹೇಳಿದ್ದು ಮರ್ಯಾದೆಯ ಮಾತು, ಗಣಿತದ್ದಲ್ಲ. ನಾನು ಬೆಚ್ಚಿ, ಸೀಮೆಸುಣ್ಣ ಕೆಡವಿ, ಬಲಗೈ ಎತ್ತಿ ಬೆರಳು ಮಡಚಿದೆ. ಹೆಬ್ಬೆರಳು ಹೊರಕ್ಕೆ ತಿರುಗಿತು! ಮುಂದಿನ ಬೆಂಚು ಒಪ್ಪಿ ತಲೆಯಾಡಿಸಿತು. ನಿಜ ಹೇಳಬೇಕೆಂದರೆ ಆ ಸಂಬಂಧಕ್ಕೆ ಧಕ್ಕೆಯೇನೂ ಇರಲಿಲ್ಲ. ವರ್ಗ ಮಾಡಿದ ಮೇಲೆ ಒಳಗೋ ಹೊರಗೋ ಎಂದು ಕೇಳುವವರಿಲ್ಲ. ಪ್ರಿನ್ಸಿಪಾಲರು ಕೇಳುತ್ತಾರೆ.

ಪಾಠ ಮುಗಿದ ಮೇಲೆ ತಮ್ಮ ಕೋಣೆಗೆ ಕರೆಸಿದರು. ‘ಲೆಕ್ಕ ನನಗ ತಿಳಿಯಂಗಿಲ್ಲ. ಆದ್ರ ಹೇಳಿದ ಕೂಡ್ಲೆ ತಿದ್ದಿಕೊಂಡ್ರಿ. ಕಾಯಂ ಮಾಡ್ರಿ ಅಂತ ಬರದೀನಿ,’ ಎಂದರು. ನಾನು ಕೈ ಮುಗಿದು ಬಾಗಿಲವರೆಗೆ ಬಂದಿದ್ದೆ; ಅವರು ಮತ್ತೆ ಕರೆದರು: ‘ನೋಡ್ರಿ, ನಾ ಕುಂತ್ರ ನಿಮ್ಮ ಪಾಠ ಚಲೋ ಆಗ್ತೈತಿ. ಇನ್ಮ್ಯಾಲೆ ದಿನಾ ಬರ್ತೀನಿ.’

ಮನೆ ಬಾಗಿಲಲ್ಲೇ ಹೆಂಡತಿ, ‘ಕಾಯಂ ಆತೇನ್ರಿ?’ ಎಂದಳು. ‘ಆತು,’ ಎಂದೆ. ನೌಕರಿಯೋ ನಡುಕವೋ ಎಂದು ಅವಳು ಕೇಳಲಿಲ್ಲ.